ನೋವಿರುವ ಹಸು ಮೊದಲು

ಫೆಬ್ರವರಿ 26

ಇವತ್ತು ಏಳನೆಯ ಹಸು. ಹದಿನೇಳನೇ ನಂಬರಿನ ಹಸುವಿನ ಹಿಂದಿನ ಎಡ ತೊಟ್ಟಿನಿಂದ ಹಾಲಿನ ಬದಲು ಗಂಟುಗಂಟಾದ ಹಳದಿ ನೀರು ಬಂತು. ಕೆಚ್ಚಲು ಕಲ್ಲಾಗಿದೆ, ಮುಟ್ಟಿದರೆ ಒದೆಯುತ್ತದೆ. ಒಂದೂವರೆ ತಿಂಗಳಲ್ಲಿ ನಲವತ್ತೆರಡು ಹಸುಗಳಲ್ಲಿ ಏಳಕ್ಕೆ ಕೆಚ್ಚಲು ಬಾವು. ಔಷಧಿ ಕೊಟ್ಟರೆ ನಾಲ್ಕು ದಿನ ಇಳಿಯುತ್ತದೆ. ಐದನೇ ದಿನ ಬಾಕಿ ವಸೂಲಿಗೆ ಬಂದವನ ಹಾಗೆ ಮತ್ತೆ ಬಾಗಿಲಲ್ಲಿ ನಿಂತಿರುತ್ತದೆ.

ಡಾಕ್ಟರು ಸ್ಟೂಲ್ ಎಳೆದುಕೊಂಡು ನನ್ನ ಲ್ಯಾಬಿನಲ್ಲಿ ಕೂತರು. ಹಸುಗಳಿಗೆ ಔಷಧಿ ಕೊಟ್ಟು ಕೊಟ್ಟು ಅವರ ಮುಖವೇ ಹಸುವಿನ ಮುಖದ ಹಾಗೆ ಸೌಮ್ಯವಾಗಿಬಿಟ್ಟಿದೆ.

“ಯಾವ ರೋಗಾಣು ಅಂತ ಗೊತ್ತು ಕಣಮ್ಮಾ. ಅದರಲ್ಲಿ ಯಾವ ತಳಿ ಅಂತ ಹೇಳು. ಏಳರಲ್ಲೂ ಒಂದೇನೋ, ಬೇರೆ ಬೇರೆನೋ.”

ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದ. ಈ ಫಾರ್ಮಿನಲ್ಲಿ ಅವನನ್ನು ಎಲ್ಲರೂ ಬೆನ್ನ ಹಿಂದೆ ‘ಗಡಿಯಾರ’ ಅನ್ನುತ್ತಾರೆ. ಮಾತಾಡುವಾಗಲೂ ಮಣಿಕಟ್ಟು ನೋಡಿಕೊಳ್ಳುತ್ತಾನೆ. ಅವನಿಗೆ ಬಿಡಿಸಿ ಹೇಳಬೇಕಾಯಿತು: ರೋಗಾಣು ಕೊಟ್ಟಿಗೆಯ ಹಾಸಿನಿಂದಲೋ ಸಗಣಿಯಿಂದಲೋ ಬಂದಿದ್ದರೆ ಏಳು ಹಸುಗಳಲ್ಲಿ ಏಳು ತಳಿ ಸಿಗುತ್ತದೆ. ಹಾಲು ಕರೆಯುವಾಗ ಒಂದರಿಂದ ಇನ್ನೊಂದಕ್ಕೆ ದಾಟಿದ್ದರೆ ಎಲ್ಲದರಲ್ಲೂ ಒಂದೇ. ಮೊದಲನೆಯದಾದರೆ ಹಾಸು ಬದಲಾಯಿಸಬೇಕು, ಎರಡನೆಯದಾದರೆ ಕರೆಯುವ ರೀತಿ.

“ರೀತಿ ಅಲ್ಲ, ಕರೆಯೋರನ್ನ ಬದಲಾಯಿಸಬೇಕು,” ಅಂದ. “ಯಾರ ತಪ್ಪಿಂದ ದಾಟಿದೆ ಅಂತ ಗೊತ್ತಾಗಲಿ, ಅವತ್ತೇ ಅವರು ಗೇಟಿನಾಚೆ.”

ಸಂಜೆ ಅಕ್ಕನಿಗೆ ಹೇಳಿದೆ. ಅವಳು ನಕ್ಕಳು. ಬೆಳಗಿನ ಪಾಳಿಯ ಮುಖ್ಯಸ್ಥೆ ಅವಳು, ಇಪ್ಪತ್ತಾರು ವರ್ಷದಿಂದ ಇಲ್ಲಿ ಹಾಲು ಕರೆಯುತ್ತಿದ್ದಾಳೆ. ಇಂಥ ಎಷ್ಟು ಗಡಿಯಾರಗಳು ಬಂದು ಕೆಟ್ಟು ಹೋಗಿವೆಯೋ.

ಮಾರ್ಚ್ 2

ಸ್ಯಾಂಪಲ್ ತೆಗೆಯುವ ದಿನ. ತೊಟ್ಟಿನ ತುದಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಮೊದಲ ಮೂರು ಧಾರೆ ಬಿಟ್ಟು, ನಾಲ್ಕನೆಯದನ್ನು ಸಣ್ಣ ಬಾಟಲಿಗೆ ಹಿಡಿಯಬೇಕು. ಕೇಳಲು ಸುಲಭ. ಹದಿನೇಳನೇ ನಂಬರಿನದು ಬಾಟಲಿಯನ್ನೂ ಒದೆಯಿತು, ನನ್ನ ಮೊಣಕಾಲನ್ನೂ ಒದೆಯಿತು. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಬಾಯಿಗೆ ಬಂದಂತೆ ಬೈದೆ.

ಅಕ್ಕ ಬಂದಳು. ಹಸುವಿನ ಪಕ್ಕೆಗೆ ಹಣೆ ಒತ್ತಿ ನಿಂತು ಏನೋ ಗುಣುಗುಟ್ಟಿದಳು. ಅದು ನಿಟ್ಟುಸಿರು ಬಿಟ್ಟು ಕಾಲು ಸಡಿಲಿಸಿತು.

“ನಿನ್ನ ಬಾಟ್ಲಿ ನೋಡಿದ್ರೆ ಹಸುಗೇನು, ನನಗೇ ಒದೆಯೋಣ ಅನ್ಸುತ್ತೆ ಮರಿ.”

ಮೂವತ್ತೆಂಟು ವರ್ಷದ ನನ್ನನ್ನು ಎಲ್ಲರೆದುರು ‘ಮರಿ’ ಅನ್ನಬೇಡ ಅಂತ ಎಷ್ಟು ಸಲ ಹೇಳಿದರೂ ಅಷ್ಟೇ. ಅಪ್ಪ ಅಮ್ಮ ಹೋದಾಗ ನನಗೆ ಒಂಬತ್ತು, ಅವಳಿಗೆ ಇಪ್ಪತ್ತನಾಲ್ಕು. ಹಾಲು ಕರೆದು ನನ್ನನ್ನು ಓದಿಸಿದಳು. ನನ್ನ ಮದುವೆ ಮುರಿದು, ಎರಡು ಚೀಲ ಹಿಡಿದು ಈ ಕೊಟ್ಟಿಗೆಯ ಹಿಂದಿನ ಎರಡು ಕೋಣೆಯ ಮನೆಗೆ ಬಂದಾಗ ಅವಳು ಕೇಳಿದ್ದು “ಊಟ ಆಯ್ತಾ?” ಅಂತ ಮಾತ್ರ. ಆರು ವರ್ಷವಾಯಿತು, ಬೇರೆ ಏನೂ ಕೇಳಿಲ್ಲ.

ಅವಳದು ಕೈಗುಣ ಅನ್ನುತ್ತಾರೆ. ಚೊಚ್ಚಲ ಹಸು ಹಾಲಿಳಿಸದಿದ್ದರೆ ಮಧ್ಯಾಹ್ನದ ಪಾಳಿಯವನೂ ಅಕ್ಕನನ್ನೇ ಕೂಗುತ್ತಾನೆ. ಕೈಗುಣ ರೋಗಾಣುವಿನ ಹಾಗೆ ಲ್ಯಾಬಿನ ಪ್ಲೇಟಿನ ಮೇಲೆ ಬೆಳೆಯುವುದಿಲ್ಲ ಅಂತ ನಾನು ರೇಗಿಸಿದರೆ, ಕೈಯನ್ನು ನನ್ನ ಮೂಗಿನ ಮುಂದೆ ಹಿಡಿದು, “ಬೆಳೆಸಿ ನೋಡೇ, ಕೂದಲು ಬರುತ್ತೇನೋ!” ಅಂತಾಳೆ.

ಬರುವಾಗ ಕುಳ್ಳಿ ಅನ್ನುವ ಹಸುವಿನ ಹತ್ತಿರ ನಿಂತಳು. ತಾಯಿ ಸತ್ತ ಕರುವನ್ನು ಬಾಟಲಿಯಲ್ಲಿ ಹಾಲು ಕುಡಿಸಿ, ಹನ್ನೊಂದು ದಿನ ಕರುಮನೆಯಲ್ಲೇ ಮಲಗಿ ಅಕ್ಕ ಸಾಕಿದ್ದು. ಈಗ ತುಂಬು ಗಬ್ಬ. ಕಾಲು ಗಿಡ್ಡ, ಹೊಟ್ಟೆ ನೆಲಕ್ಕೆ ತಾಗುವಂತಿದೆ. ಅಕ್ಕ ಅದರ ಕಿವಿಯಲ್ಲಿ ಗುಟ್ಟು ಹೇಳುತ್ತಾಳೆ. ನನಗೆ ಇಂಥದ್ದೆಲ್ಲ ಆಗಿಬರುವುದಿಲ್ಲ.

ಮಾರ್ಚ್ 6

ಪ್ಲೇಟುಗಳಲ್ಲಿ ರೋಗಾಣುಗಳು ಬೆಳೆದಿವೆ. ಹೊಂಬಣ್ಣದ ಚುಕ್ಕೆಗಳು, ಸುತ್ತ ತೆಳು ಬಳೆ. ನೋಡಲು ಎಷ್ಟು ಅಂದವೋ ಅಷ್ಟು ಪಾಪಿಗಳು. ನಾಳೆಯಿಂದ ತಳಿ ಗುರುತಿಸುವ ಕೆಲಸ. ಕರೆಂಟು ಕೈಕೊಡದಿದ್ದರೆ ಸಾಕು.

ಮಾರ್ಚ್ 9

ಒಂದೇ ತಳಿ! ರೋಗಾಣುಗಳ ಡಿಎನ್ಎ ಓಡಿಸಿದ ಜೆಲ್ಲಿನ ಮೇಲೆ ಹಸುವಿಗೊಂದರಂತೆ ಏಳು ಸಾಲು, ಏಳರಲ್ಲೂ ಪಟ್ಟಿಗಳು ಒಂದೇ ಎತ್ತರದಲ್ಲಿ. ಅಳತೆಪಟ್ಟಿ ಇಟ್ಟು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಾಲು ಕುಡಿದಷ್ಟು ಸಂತೋಷವಾಯಿತು. ಈ ಹಾಲಲ್ಲ, ಒಳ್ಳೆಯದು.

ಡಾಕ್ಟರು ಕನ್ನಡಕ ಹಣೆಗೇರಿಸಿ ಫೋಟೋ ನೋಡಿದರು. “ಹಾಗಾದ್ರೆ ಕರೆಯುವಾಗಲೇ ದಾಟ್ತಿದೆ. ಎಲ್ಲಿ ಅಂತ ಹುಡುಕು. ಎರಡೂ ಪಾಳಿಯಲ್ಲಿ ನಿಂತು ನೋಡು, ಯಾರಿಗೂ ಹೇಳ್ಬೇಡ.”

ನನಗೆ ಅನುಮಾನವೇ ಇಲ್ಲ, ಮಧ್ಯಾಹ್ನದ ಪಾಳಿಯವನೇ. ಉಗುರು ನೋಡಿದರೆ ಸಾಕು. ಊಟಕ್ಕೆ ಕೂತಾಗ ಅಕ್ಕನಿಗೆ ಅಂದೆ, “ಅವನನ್ನ ಹಿಡಿದೇ ಹಿಡೀತೀನಿ ನೋಡ್ತಿರು.”

“ಮಕ್ಕಳೊಂದಿಗ. ಅವನ ಹೊಟ್ಟೆ ಮೇಲೆ ಹೊಡೀಬೇಡ ಕಣೇ,” ಅಂದಳು.

“ತಪ್ಪು ಯಾರದಾದ್ರೂ ತಪ್ಪೇ ಅಕ್ಕ. ನಾನು ಕಂಡದ್ದನ್ನ ಕಂಡ ಹಾಗೆ ಬರೆಯೋಳು.”

“ಗೊತ್ತು ಬಿಡು. ಅದಕ್ಕೇ ನಿನ್ನ ಜೊತೆ ಯಾರೂ ಚಹಾ ಕುಡಿಯೋಕೆ ಬರಲ್ಲ,” ಅಂತ ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಮಾರ್ಚ್ 11

ಎರಡು ಮಧ್ಯಾಹ್ನ ನಿಂತು ನೋಡಿದೆ. ಅವನು ಸೋಮಾರಿ, ಆದರೆ ಗೋಡೆಯ ಮೇಲಿನ ಚಾರ್ಟಿನಲ್ಲಿ ಏನಿದೆಯೋ ಅದನ್ನು ಅಕ್ಷರ ತಪ್ಪದೆ ಮಾಡುತ್ತಾನೆ. ಯೋಚಿಸುವ ಕಷ್ಟ ತಪ್ಪುತ್ತದಲ್ಲ. ಒಳ್ಳೆಯ ಹಸುಗಳು ಮೊದಲು, ಬಾವು ಬಂದವು ಕೊನೆಗೆ, ಆಮೇಲೆ ತೊಟ್ಟಿಗೆ ಸಿಕ್ಕಿಸುವ ಯಂತ್ರದ ಬಟ್ಟಲುಗಳನ್ನು ಕುದಿನೀರಲ್ಲಿ ತೊಳೆಯುವುದು. ತಪ್ಪು ಹುಡುಕಲು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ, ಸಿಗಲಿಲ್ಲ. ನಾಳೆ ಬೆಳಗಿನ ಪಾಳಿ. ಅದೊಂದು ಶಾಸ್ತ್ರಕ್ಕೆ ನೋಡಿಬಿಡುವುದು.

ಮಾರ್ಚ್ 12

ಬೆಳಗ್ಗೆ ನಾಲ್ಕೂವರೆಗೆ ಅಕ್ಕನ ಜೊತೆಯೇ ಹೋದೆ. ದೀಪಗಳ ಸುತ್ತ ಹಬೆ. ಅಕ್ಕ ಮೊದಲು ಒಳಗೆ ಕರೆತಂದದ್ದು ಹದಿನೇಳನ್ನು. ಆಮೇಲೆ ಇಪ್ಪತ್ತೆರಡು. ಬಾವು ಬಂದ ಏಳೂ ಮೊದಲು.

ನಾನು ಕೇಳಿದೆ, “ಇವು ಯಾಕೆ ಮೊದಲು?”

“ಇಡೀ ರಾತ್ರಿ ಕೆಚ್ಚಲು ಬಿಗಿದುಕೊಂಡು ನಿಂತಿರ್ತಾವೆ ಕಣೇ. ನೋವಿರೋದನ್ನ ಕೊನೇವರೆಗೂ ನಿಲ್ಸೋಕೆ ಮನಸ್ಸಾದ್ರೂ ಹೇಗೆ ಬರುತ್ತೆ?”

“ಚಾರ್ಟು?”

“ಅದು ಕೆಟ್ಟ ಹಾಲು ಟ್ಯಾಂಕಿಗೆ ಸೇರಬಾರ್ದು ಅಂತ ಹಾಕಿರೋದು. ನಾನು ಇವುಗಳದ್ದು ಬೇರೆ ಬಕೆಟ್ಟಿಗೇ ಹಿಡೀತೀನಲ್ಲ. ನೋಡು, ಕೆಂಪು ಬಕೆಟ್ಟು. ಒಂದು ಹನಿ ಆಚೀಚೆ ಆಗಲ್ಲ.”

ನಿಜ, ಒಂದು ಹನಿಯೂ ಆಚೀಚೆ ಆಗಲಿಲ್ಲ. ಕೆಂಪು ಬಕೆಟ್ಟನ್ನು ಎಷ್ಟು ಜೋಪಾನವಾಗಿ ಹೊತ್ತು ಹೋಗಿ ಮೋರಿಗೆ ಸುರಿದಳು! ಮೂರು ಸಲ ತೊಳೆದಳು. ಹಸುವಿನ ಕೆಚ್ಚಲಿಗೆ ಸಿಕ್ಕಿಸಿದ್ದ ಬಟ್ಟಲುಗಳನ್ನು ಮಾತ್ರ ತಣ್ಣೀರಲ್ಲಿ ಒಮ್ಮೆ ಅದ್ದಿ ಮುಂದಿನ ಹಸುವಿಗೆ ಹಾಕಿದಳು, ಅದರಿಂದ ಅದರ ಮುಂದಿನದಕ್ಕೆ.

ಹತ್ತಿ ಕಡ್ಡಿಯಿಂದ ಬಟ್ಟಲುಗಳ ಒಳಗನ್ನು ಒರೆಸಿಕೊಂಡೆ. “ಏನೇ ಅದು?” ಅಂದಳು. “ಸುಮ್ನೆ, ಎಲ್ಲ ಕಡೆಯಿಂದನೂ ಒಂದೊಂದು ತಗೋಬೇಕು,” ಅಂದೆ.

ಸಂಜೆ ಹೇಳಬೇಕು. ಡಾಕ್ಟರಿಗೂ, ಅವಳಿಗೂ.

ಮಾರ್ಚ್ 13

ಹೇಳಲಿಲ್ಲ. ಅವಳಿಗೆ ಸೊಂಟ ನೋವಿತ್ತು. ಬಟ್ಟಲಿನ ಸ್ಯಾಂಪಲ್ ಬೆಳೆಯುವವರೆಗೆ ಇದು ಬರೀ ಊಹೆ. ಊಹೆಯನ್ನು ಹಿಡಿದು ಒಬ್ಬರ ಕೆಲಸಕ್ಕೆ ಕುತ್ತು ತರಲಾಗುತ್ತದೆಯೇ?

ಮಾರ್ಚ್ 14

ಬೆಳಗ್ಗೆ ಲ್ಯಾಬಿನ ಬಾಗಿಲು ದಬದಬ ಬಡಿದಳು. ಮೊಣಕೈವರೆಗೆ ಒದ್ದೆ, ತಲೆಯಲ್ಲಿ ಹುಲ್ಲು, ಒಂದೇ ಕಾಲಿಗೆ ಬೂಟು.

“ಹೆಣ್ಣು ಕಣೇ ಮರಿ! ಕುಳ್ಳಿಗೆ ಹೆಣ್ಣು! ಕಾಲು ಮಾತ್ರ ಉದ್ದ, ಯಾರ ಹಾಗೋ ಏನೋ!”

ಎಳೆದುಕೊಂಡು ಹೋದಳು. ಕುಳ್ಳಿ ಕರುವನ್ನು ನೆಕ್ಕುತ್ತಿತ್ತು. ಅಕ್ಕನ ಕಣ್ಣು, ಮೂಗು ಎರಡೂ ಸುರಿಯುತ್ತಿದ್ದವು, ನಗುತ್ತಲೂ ಇದ್ದಳು. ಗಿಣ್ಣು ಹಾಲನ್ನು ಕೈಯಲ್ಲೇ ಹಿಂಡಿ ಕರುವಿಗೆ ಕುಡಿಸಿದಳು. ಹದಿನೆಂಟನೇ ತಾರೀಖಿನಿಂದ ಕುಳ್ಳಿಯೂ ಯಂತ್ರದ ಸಾಲಿಗೆ ಬರುತ್ತದೆ, ಮೊದಲ ದಿನ ಹೆದರದಂತೆ ತಾನೇ ನಿಲ್ಲುತ್ತೇನೆ ಅಂದಳು.

ಇಂಥ ದಿನ ಹೇಗೆ ಹೇಳುವುದು? ನಾನೇನು ಕಲ್ಲೇ?

ಮಾರ್ಚ್ 15

ಒಂದು ಉಪಾಯ ಹೊಳೆಯಿತು. ಅಕ್ಕನಿಗೆ ಹೇಳಿದೆ, “ನನ್ನ ಸ್ಯಾಂಪಲ್ಲಿಗೆ ಬೇಕು, ಸ್ವಲ್ಪ ದಿನ ಬಾವು ಬಂದವನ್ನ ಕೊನೆಗೆ ಕರೀತೀಯಾ?”

“ಎಷ್ಟು ದಿನ?”

“ನಾನು ಸಾಕು ಅನ್ನೋವರೆಗೂ.”

“ನಿನ್ನ ಓದಿಗೋಸ್ಕರ ಏನೇನು ಮಾಡಿದೀನಿ, ಇದೇನು ಮಹಾ,” ಅಂದಳು. ಮುಗಿಯಿತಲ್ಲ! ರೋಗ ದಾಟುವುದು ನಿಂತರೆ ಸಾಕು. ಯಾರ ಮನಸ್ಸೂ ನೋಯುವುದಿಲ್ಲ, ಯಾರ ಕೆಲಸವೂ ಹೋಗುವುದಿಲ್ಲ. ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬರುತ್ತದೆ ಅನ್ನಿಸುತ್ತಿದೆ.

ಮಾರ್ಚ್ 17

ಎರಡೇ ದಿನ. ಇವತ್ತು ಕಿಟಕಿಯಿಂದ ನೋಡಿದರೆ ಹದಿನೇಳು ಮತ್ತೆ ಮೊದಲು ಒಳಗೆ ಹೋಗುತ್ತಿದೆ.

“ಅಳ್ತಿತ್ತು ಕಣೇ,” ಅಂದಳು ಆಮೇಲೆ. “ನಿನ್ನ ಸ್ಯಾಂಪಲ್ ಇನ್ನೊಂದು ದಿನ ತಗೋ. ನಿನಗೆ ಹಲ್ಲು ನೋವು ಬಂದಾಗ ಸಾಲಲ್ಲಿ ಕೊನೆಗೆ ನಿಲ್ಸಿದ್ರೆ ಸುಮ್ನಿರ್ತಿದ್ಯಾ?”

ನಿಜ ನಾಲಿಗೆಯ ತುದಿಗೆ ಬಂದಿತ್ತು. ಅವಳು ಹದಿನೇಳರ ಕೆಚ್ಚಲಿಗೆ ಬಿಸಿನೀರಿನ ಬಟ್ಟೆ ಒತ್ತುತ್ತಿದ್ದಳು. ಹಸು ಕಣ್ಣು ಮುಚ್ಚಿಕೊಂಡಿತ್ತು. “ಸರಿ, ನಾಳೆ ತಗೋತೀನಿ,” ಅಂದು ಬಂದೆ.

ಮಾರ್ಚ್ 19

ಮೂವತ್ತೊಂದು ಮತ್ತು ಎಂಟು. ಒಂದೇ ದಿನ ಎರಡು. ಒಟ್ಟು ಒಂಬತ್ತು.

ಇವಕ್ಕೆ ಮೊದಲೇ ತಗುಲಿರಬಹುದು. ಒಳಗಿದ್ದು ಹೊರಗೆ ಕಾಣಿಸಿಕೊಳ್ಳಲು ದಿನ ಹಿಡಿಯುತ್ತದೆ, ಯಾವ ಪುಸ್ತಕ ತೆರೆದರೂ ಅದನ್ನೇ ಹೇಳುತ್ತದೆ.

ಗಡಿಯಾರ ಕೈತೊಳೆದುಕೊಂಡು ನನ್ನ ಬೆನ್ನು ಬಿದ್ದಿದ್ದಾನೆ. “ವರದಿ ಎಲ್ಲಿ ಮೇಡಂ? ಹತ್ತು ದಿನ ಆಯ್ತು, ಇನ್ನೂ ನಿಂತು ನೋಡ್ತಾನೇ ಇದ್ದೀರಾ?”

“ಇನ್ನೊಂದು ಸಲ ಪರೀಕ್ಷೆ ಮಾಡ್ಬೇಕು ಸರ್. ಖಚಿತ ಆಗದೆ ಬರೆಯೋಕಾಗಲ್ಲ.”

ಡಾಕ್ಟರು ನನ್ನ ಪರ ವಹಿಸಿದರು. “ಅವಳನ್ನ ಅವಸರ ಮಾಡ್ಬೇಡಿ. ಬೇರೆ ಯಾರಾದ್ರೂ ಆಗಿದ್ರೆ ಏನೋ ಒಂದು ಗೀಚಿ ಕೊಟ್ಟುಬಿಡ್ತಿದ್ರು. ಇವಳು ಹಾಗಲ್ಲ.”

ಅವರು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು.

ಮಾರ್ಚ್ 21

ಬಟ್ಟಲಿನ ಸ್ಯಾಂಪಲ್ ಬಂತು. ಅದೇ ತಳಿ. ಎರಡು ಸಲ ಮಾಡಿದೆ, ಎರಡು ಸಲವೂ ಅದೇ. ಫೋಟೋ ಮೇಜಿನ ಡ್ರಾಯರಿನಲ್ಲಿದೆ. ಮೂರನೇ ಸಲ ಮಾಡಿದರೆ ಒಳ್ಳೆಯದು, ಜೆಲ್ಲಿನ ಒಂದು ಅಂಚು ಸ್ವಲ್ಪ ಸೊಟ್ಟಗಿದೆ.

ಕೆಲಸ ಹೆಚ್ಚು, ಮಧ್ಯಾಹ್ನ ಮನೆಗೆ ಹೋಗಲು ಆಗುತ್ತಿಲ್ಲ. ಲ್ಯಾಬಿನಲ್ಲೇ ಬ್ರೆಡ್ ತಿನ್ನುತ್ತೇನೆ. ಅಕ್ಕ ಡಬ್ಬಿ ಕಳಿಸಿದ್ದಳು. ಹಸಿವಿರಲಿಲ್ಲ, ತೊಳೆದು ವಾಪಸ್ ಕಳಿಸಿದೆ. ತಿಂದೆ ಅಂತ ಹೇಳಿದೆ.

ಮಾರ್ಚ್ 23

ಕುಳ್ಳಿ.

ಬೆಳಗ್ಗೆ ಮೊದಲ ಧಾರೆಯನ್ನು ಕಪ್ಪು ತಟ್ಟೆಗೆ ಹಿಂಡಿದಾಗ ಬಿಳಿ ಚೂರುಗಳು ಬಿದ್ದವಂತೆ. ನಾನು ಹೋಗುವ ಹೊತ್ತಿಗೆ ಮುಂದಿನ ಬಲ ತೊಟ್ಟು ಬಿಗಿದು ಬಿಸಿಯಾಗಿತ್ತು. ಕರು ಬಾಯಿ ಹಾಕಲು ಬಂದರೆ ಕುಳ್ಳಿ ಅದನ್ನೇ ಒದ್ದು ದೂಡಿತು. ಕರುವಿಗೆ ಅರ್ಥವಾಗದೆ ಮತ್ತೆ ಮತ್ತೆ ಹೋಗುತ್ತಿತ್ತು. ಕೊನೆಗೆ ಅದನ್ನು ಎತ್ತಿ ಆಚೆ ಕಟ್ಟಿದರು.

ಅಕ್ಕ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. “ನನ್ನ ಕೈಗೇನಾಯ್ತೇ? ಹೀಗೆ ಯಾವತ್ತೂ ಆಗಿರ್ಲಿಲ್ಲ.”

ನಾನು ಕುಳ್ಳಿಯ ತೊಟ್ಟನ್ನು ಒರೆಸಿ ಸ್ಯಾಂಪಲ್ ಹಿಡಿದೆ.

“ಚೊಚ್ಚಲು, ನೋವು ತಡ್ಕೊಳ್ಳೋಕೆ ಬರಲ್ಲ ಅದಕ್ಕೆ,” ಅಂದಳು. “ನಾಳೆಯಿಂದ ಎಲ್ಲಕ್ಕಿಂತ ಮೊದಲು ಇದನ್ನೇ ಕರೀತೀನಿ.”

ಸಂಜೆ ಐದಕ್ಕೆ ಕೂತು ವರದಿ ಬರೆದೆ. ಎರಡೇ ಪುಟ. ತಳಿ ಒಂದೇ, ದಾಟುವುದು ಬಟ್ಟಲಿನಿಂದ, ಕಾರಣ ಬೆಳಗಿನ ಪಾಳಿಯಲ್ಲಿ ಬಾವು ಬಂದ ಹಸುಗಳನ್ನು ಮೊದಲು ಕರೆಯುವುದು. ‘ಮಾರ್ಚ್ 22ರ ಬೆಳಗ್ಗೆ ಖುದ್ದಾಗಿ ಗಮನಿಸಿದಂತೆ’ ಅಂತ ಬರೆದೆ. ತಾರೀಖೊಂದು ಹೆಚ್ಚುಕಡಿಮೆ. ವಿಷಯದಲ್ಲಿ ಒಂದಕ್ಷರ ಸುಳ್ಳಿಲ್ಲ. ತಾರೀಖಿನಿಂದ ಯಾವ ಹಸುವಿಗೆ ಏನಾಗಬೇಕಾಗಿದೆ?

ಮಾರ್ಚ್ 24

ಹಾಲು ಕರೆಯುವ ಮೊದಲೇ ವರದಿಯನ್ನು ಡಾಕ್ಟರ ಮನೆಗೆ ಹೋಗಿ ಕೊಟ್ಟೆ. ಅವರು ಬೂಟು ಹಾಕಿಕೊಂಡು ಬಂದು ಅಕ್ಕನನ್ನು ಕೊಟ್ಟಿಗೆಯಿಂದ ಹೊರಗೆ ಕರೆದರು.

ಒಂಬತ್ತಕ್ಕೆ ಮ್ಯಾನೇಜರನ ಕೋಣೆ. ಅಕ್ಕ ರಬ್ಬರ್ ಏಪ್ರನ್ನಿನಲ್ಲೇ ನಿಂತಿದ್ದಳು, ಅದರಿಂದ ನೀರು ತೊಟ್ಟಿಕ್ಕಿ ಅವನ ಚಾಪೆ ಒದ್ದೆಯಾಗುತ್ತಿತ್ತು. ನಾನು ಗೋಡೆಯ ಕಡೆ ನಿಂತೆ. ಗಡಿಯಾರ ವರದಿಯನ್ನು ಗಟ್ಟಿಯಾಗಿ ಓದಿದ. ‘ಬೆಳಗಿನ ಪಾಳಿಯ ಮುಖ್ಯಸ್ಥರು’ ಅಂತ ನಾನು ಬರೆದಿದ್ದೆ, ಮೂರು ಕಡೆ.

ಅಕ್ಕ ಕೊನೆವರೆಗೂ ಕೇಳಿಸಿಕೊಂಡಳು. “ಬಟ್ಟಲಿಂದಾನಾ?” ಅಂತ ಡಾಕ್ಟರನ್ನು ಕೇಳಿದಳು.

“ಹೌದಮ್ಮ.”

“ಬಕೆಟ್ಟು ಬೇರೆ ಇಟ್ಟಿದ್ನಲ್ಲ ಸಾರ್.”

“ಬಕೆಟ್ಟಿಗೋಸ್ಕರ ಹಾಕಿದ ಚಾರ್ಟಲ್ಲ ಅದು.”

“ಹಾಗಂತ ಯಾರೂ ಹೇಳಿರ್ಲಿಲ್ಲ,” ಅಂದಳು. ಜಗಳಕ್ಕೆ ಅಂದದ್ದಲ್ಲ. ಇಪ್ಪತ್ತಾರು ವರ್ಷದಲ್ಲಿ ಯಾರಾದರೂ ಹೇಳಿದ್ದರೋ ಏನೋ ಅಂತ ನೆನಪು ಮಾಡಿಕೊಳ್ಳುತ್ತಿದ್ದಳು.

ಗಡಿಯಾರ ಗೇಟಿನ ಮಾತೆತ್ತಿದ. ಡಾಕ್ಟರು ಮೊದಲ ಸಲ ದನಿ ಏರಿಸಿದ್ದನ್ನು ನೋಡಿದೆ. ಅರ್ಧ ಗಂಟೆ ಕೂಗಾಡಿದ ಮೇಲೆ ಕರುಮನೆಗೆ ಹಾಕುವುದು ಅಂತ ಆಯಿತು. ಸಗಣಿ ಬಾಚುವುದು, ಬಾಟಲಿ ತೊಳೆಯುವುದು. ಆದೇಶದಲ್ಲಿ ಅವನು ಬರೆಸಿದ: ‘ಯಾವುದೇ ಹಸುವಿನ ಕೆಚ್ಚಲನ್ನು ಇನ್ನು ಮುಂದೆ ಮುಟ್ಟತಕ್ಕದ್ದಲ್ಲ.’ ಅಕ್ಕ ಅದರ ಕೆಳಗೆ ಸಹಿ ಹಾಕಿದಳು. ಪೆನ್ನು ಒದ್ದೆಯಾಗಿ ಅವಳ ಹೆಸರು ಕಲೆಸಿಹೋಯಿತು, ಎರಡನೇ ಸಲ ಹಾಕಿಸಿಕೊಂಡ.

ಹೊರಗೆ ಬಂದ ಮೇಲೆ ಡಾಕ್ಟರು ನನ್ನ ಹೆಗಲು ಮುಟ್ಟಿದರು. “ಸ್ವಂತ ಅಕ್ಕ. ಆದರೂ ಕಂಡ ಮಾರನೇ ದಿನವೇ ಬರೆದುಬಿಟ್ಟೆ. ನಿನ್ನಂಥವರು ಸಿಗಲ್ಲಮ್ಮ.”

ನಾನು ಹೂಂ ಅಂದೆ.

ಮಾರ್ಚ್ 25

ಮನೆಯಲ್ಲಿ ಮುಖ ಊದಿಸಿಕೊಂಡಿರುತ್ತಾಳೆ ಅಂದುಕೊಂಡಿದ್ದೆ. ಊಟಕ್ಕೆ ಬಡಿಸಿದಳು. ಆಮೇಲೆ, “ಆ ಫೋಟೋ ತೋರ್ಸೇ,” ಅಂದಳು.

ತಂದು ತೋರಿಸಿದೆ. ಇದು ಹದಿನೇಳು, ಇದು ಇಪ್ಪತ್ತೆರಡು, ಇದು ಬಟ್ಟಲು. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದೇ ಸಾಲು ನೋಡಿದಳು.

“ಎಲ್ಲ ಒಂದೇ ಥರ ಇದೆ.”

“ಹೂಂ.”

“ಇಷ್ಟು ಸಣ್ಣದನ್ನ ಹಿಡಿದೆಯಲ್ಲೇ. ನೀನು ಓದಿದ್ದು ಸಾರ್ಥಕ ಆಯ್ತು ಬಿಡು.”

ಕುಟುಕಲು ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಿಜವಾಗಿಯೂ ಹಾಗೇ ಅಂದುಕೊಂಡಿದ್ದಳು. ನನಗೆ ಅಳು ಬಂತು. ತನಗಾದ ಶಿಕ್ಷೆಯ ಸಂಕಟಕ್ಕೆ ಅಳುತ್ತಿದ್ದೇನೆ ಅಂತ ತಿಳಿದು ಅವಳೇ ನನ್ನ ಬೆನ್ನು ಸವರಿದಳು.

ಏಪ್ರಿಲ್ 8

ಹದಿನೈದು ದಿನದಿಂದ ಹೊಸದು ಒಂದೂ ಇಲ್ಲ. ಬಾವು ಬಂದವನ್ನು ಕೊನೆಗೆ ಕರೆಯುತ್ತಾರೆ, ಪ್ರತಿ ಹಸುವಾದ ಮೇಲೆ ಬಟ್ಟಲುಗಳನ್ನು ಬಿಸಿನೀರಲ್ಲಿ ತೊಳೆಯುತ್ತಾರೆ, ತೊಟ್ಟುಗಳನ್ನು ಅಯೊಡಿನ್ನಿನಲ್ಲಿ ಅದ್ದುತ್ತಾರೆ. ಇಷ್ಟೇ. ಇಷ್ಟೇ ಸಾಕಾಗಿತ್ತು.

ಅಕ್ಕ ಈಗ ಏಳಕ್ಕೆ ಹೋದರಾಯಿತು. ಆದರೂ ನಾಲ್ಕಕ್ಕೆ ಎಚ್ಚರವಾಗುತ್ತದೆ. ಮಂಚದ ತುದಿಯಲ್ಲಿ ಕೂತು ಯಂತ್ರದ ಸದ್ದು ಕೇಳಿಸಿಕೊಳ್ಳುತ್ತಾಳೆ. “ಮೂರನೇದಕ್ಕೆ ಸರಿಯಾಗಿ ಹಾಕಿಲ್ಲ, ಗಾಳಿ ಎಳೀತಿದೆ,” ಅಂತಾಳೆ. ನಾನು ಮಲಗಿದ ಹಾಗೆ ಇರುತ್ತೇನೆ.

ಅವಳ ಅಂಗೈಯ ಚರ್ಮ ಸುಲಿಯುತ್ತಿದೆ. ಅಯೊಡಿನ್ನಿನಲ್ಲಿ ದಿನಕ್ಕೆ ಎಷ್ಟು ಸಲ ತೊಳೆಯುತ್ತಾಳೋ. ಕರುಗಳಿಗೆ ಬಾಟಲಿ ಹಿಡಿಯುವ ಮೊದಲೂ, ನನಗೆ ಬಡಿಸುವ ಮೊದಲೂ. ಬೇಡ ಅಂದರೆ, “ಇರಲಿ ಕಣೇ, ಯಾರಿಗೆ ಗೊತ್ತು,” ಅಂತಾಳೆ.

ಏಪ್ರಿಲ್ 27

ಹದಿನೈದು ದಿನದ ಔಷಧಿ ಎರಡು ಸಲ ಆಯಿತು. ಹತ್ತರಲ್ಲಿ ಆರು ಗುಣವಾದವು. ನಾಲ್ಕರಲ್ಲಿ ತಳಿ ಬೇರುಬಿಟ್ಟಿದೆ: ಹದಿನೇಳು, ಇಪ್ಪತ್ತೆರಡು, ಎಂಟು, ಕುಳ್ಳಿ. ಇವು ಇರುವವರೆಗೆ ಉಳಿದವಕ್ಕೆ ಅಪಾಯ ತಪ್ಪಿದ್ದಲ್ಲ, ಮಂದೆಯಿಂದ ತೆಗೆಯಲೇಬೇಕು ಅಂದರು ಡಾಕ್ಟರು. ಪಟ್ಟಿಯನ್ನು ನಾನೇ ಟೈಪ್ ಮಾಡಬೇಕಾಯಿತು. ಕುಳ್ಳಿಗೆ ನಂಬರ್ ನಲವತ್ಮೂರು. ಮೊದಲ ಸಲ ಅದನ್ನು ನಂಬರಿನಲ್ಲಿ ಬರೆದೆ.

ಕುಳ್ಳಿಯನ್ನು ಒಂದನ್ನಾದರೂ ಬೇರೆ ಕಟ್ಟಿ ಇಟ್ಟುಕೊಳ್ಳಬಹುದಲ್ಲ ಅಂತ ಕೇಳಿದೆ. ಡಾಕ್ಟರು ಆಶ್ಚರ್ಯದಿಂದ ನೋಡಿದರು. “ಇದನ್ನ ನೀನು ಕೇಳ್ತಿದೀಯಾ?”

ಏಪ್ರಿಲ್ 30

ಮಧ್ಯಾಹ್ನ ಎರಡಕ್ಕೆ ಲಾರಿ ಬಂತು. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ಮೂರು ಹತ್ತಿದವು. ಕುಳ್ಳಿ ಹಲಗೆಯ ಮೇಲೆ ಕಾಲಿಡಲೇ ಇಲ್ಲ. ಇಬ್ಬರು ಹಿಂದಿನಿಂದ ದೂಡಿದರು, ಒಬ್ಬ ಬಾಲ ತಿರುಚಿದ. ಕೊನೆಗೆ ಗಡಿಯಾರನೇ ಕರುಮನೆಗೆ ಹೇಳಿಕಳಿಸಿದ.

ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದಳು. ಕೆಚ್ಚಲು ಮುಟ್ಟಬಾರದು ಅಂತ ಆದೇಶ, ಕುತ್ತಿಗೆ ಮುಟ್ಟಬಹುದು. ಕುತ್ತಿಗೆ ಬಳಸಿ ಹಿಡಿದು, ತಾನು ಮೊದಲು ಹಲಗೆ ಹತ್ತಿದಳು. ಕುಳ್ಳಿ ಹಿಂದೆ ಹತ್ತಿತು, ಗಿಡ್ಡ ಕಾಲು ಜಾರುತ್ತಾ ಜಾರುತ್ತಾ. ಒಳಗೆ ಕಟ್ಟಿ ಅಕ್ಕ ಇಳಿದಳು. ಲಾರಿ ಹೊರಟಾಗ ಕರುಮನೆಯಲ್ಲಿ ಒಂದು ಕರು ಕೂಗಿತು. ಯಾವುದು ಅಂತ ನಾನು ನೋಡಲು ಹೋಗಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು.

“ಹತ್ತಕ್ಕೂ ಬಾವು ನನ್ನ ಕೈಯಿಂದಲೇ ಬಂದ ಹಾಗೆ. ನೀನು ಕಂಡ ತಕ್ಷಣ ಬರೆದೆ, ಅದು ಒಳ್ಳೇದಾಯ್ತು. ಅಕ್ಕ ಅಂತ ಮುಖ ನೋಡಿ ತಡ ಮಾಡಿದ್ರೆ ಇನ್ನೆಷ್ಟು ಹೋಗ್ತಿದ್ವೋ. ನಿನಗೆ ಎಷ್ಟು ಕಷ್ಟ ಆಗಿರ್ಬೇಕು ಅಂತ ನನಗೆ ಗೊತ್ತು ಮರಿ. ಅದನ್ನ ಮನಸ್ಸಲ್ಲಿ ಇಟ್ಕೋಬೇಡ.”

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದೆ.

“ಹತ್ತಲ್ಲ,” ಅಂದೆ. “ನಿನ್ನಿಂದ ಏಳು.”

“ಏನು?”

“ಮೂವತ್ತೊಂದು, ಎಂಟು, ಕುಳ್ಳಿ, ಅವು ಮೂರು ನನ್ನಿಂದ. ನನಗೆ ಮೊದಲೇ ಗೊತ್ತಾಗಿತ್ತು ಅಕ್ಕ. ನಿನ್ನ ಕೆಲಸ ಹೋಗುತ್ತೆ ಅಂತ, ನಿನಗೆ ಹೇಗೆ ಹೇಳೋದು ಅಂತ ಸುಮ್ನಿದ್ದೆ. ಸ್ಯಾಂಪಲ್ಲಿಗೆ ಅಂತ ಸುಳ್ಳು ಹೇಳಿದ್ದು ಅದಕ್ಕೇ. ವರದಿಯಲ್ಲಿ ತಾರೀಖು ಬೇರೆ ಹಾಕಿದೆ.”

ಅವಳು ತಟ್ಟೆ ನೋಡುತ್ತಿದ್ದಳು. ಬೈಯಲಿ ಅಂತ ಕಾದೆ. ಯಾಕೆ ಹೀಗೆ ಮಾಡಿದೆ ಅಂತ ಕೇಳಿದ್ದರೆ ಹೇಳಲು ನನ್ನ ಹತ್ತಿರ ಎಷ್ಟೋ ಮಾತಿತ್ತು. ನಿನ್ನ ಮೇಲಿನ ಪ್ರೀತಿಗೆ ಅಂತ ಹೇಳಬೇಕೆಂದಿದ್ದೆ.

“ಯಾವತ್ತು ಗೊತ್ತಾಯ್ತು?” ಅಂದಳು.

“ಹನ್ನೆರಡಕ್ಕೆ.”

“ಮಾರ್ಚ್ ಹನ್ನೆರಡು?”

“ಹೂಂ. ನಿನ್ನ ಜೊತೆ ಬಂದು ನಿಂತಿದ್ನಲ್ಲ, ಅವತ್ತೇ.”

ಅವಳ ತುಟಿ ಏನೋ ಎಣಿಸುವ ಹಾಗೆ ಅಲ್ಲಾಡಿತು.

“ಅವತ್ತಿನ್ನೂ ಕುಳ್ಳಿ ಕರುನೇ ಹಾಕಿರ್ಲಿಲ್ಲ,” ಅಂದಳು.

ಅಷ್ಟೇ. ಎದ್ದು ತನ್ನ ತಟ್ಟೆ ತೆಗೆದುಕೊಂಡಳು. ನಾನೂ ಎದ್ದೆ. ಕೈಯೆಲ್ಲ ಸುಲಿದುಹೋಗಿದೆ, ಇವತ್ತಾದರೂ ಪಾತ್ರೆ ನಾನು ತೊಳೆಯುತ್ತೇನೆ ಅಂತ ಅವಳ ಕೈಯಿಂದ ತಟ್ಟೆ ತೆಗೆದುಕೊಳ್ಳಲು ಹೋದೆ. ಅವಳು ತಟ್ಟೆಯನ್ನು ಎದೆಗೆ ಒತ್ತಿ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದಳು.

“ಬೇಡ. ನೀನು ಮುಟ್ಬೇಡ,” ಅಂದಳು.